ಬಾವಿಗೆ ಬಿದ್ದ ಕೆಂಪಿಯ ಮರಿ

ಒಂದೂರಲ್ಲಿ ಕೆಂಪಿ ಅಂತ ಒಂದು ಕೋಳಿ. ಕೆಂಪಿಗೆ ಒಂದೇ ಒಂದು ಮರಿ. ಮರಿ ಕುಪ್ಪಳಿಸ್ತಾ ಕುಪ್ಪಳಿಸ್ತಾ ಹೋಯ್ತು. ಹಾಳು ಬಾವಿಗೆ ದೊಪ್ಪಂತ ಬಿತ್ತು. ಒಳಗೆ ನೀರಿಲ್ಲ, ಬರೀ ತರಗೆಲೆ. ಪೆಟ್ಟೇನೂ ಆಗಲಿಲ್ಲ. ಆದರೆ ಹತ್ತೋದು ಹ್ಯಾಗೆ?

"ಅಮ್ಮಾ! ಚಿಂವ್ ಚಿಂವ್!"

ಕೆಂಪಿ ಓಡಿ ಬಂದು ಬಾವಿಗೆ ಬಗ್ಗಿ ನೋಡಿದಳು. ಬುಟ್ಟಿ ಇದೆ. ಇಳಿಸೋಕೆ ಹಗ್ಗ ಇಲ್ಲ. ಓಡಿದಳು ಮಡಿವಾಳ ಹೊನ್ನಯ್ಯನ ಹತ್ರ.

"ಹೊನ್ನಣ್ಣಾ, ಮರಿ ಬಾವೀಲಿ. ಬಟ್ಟೆ ಹಗ್ಗ ಕೊಡಣ್ಣಾ."

"ನನ್ನದೊಂದೇ ಸಾಲದು ಕೆಂಪಿ. ದ್ಯಾವಮ್ಮ ಕೊಟ್ರೆ ನಾನೂ ಕೊಡ್ತೀನಿ."

ಓಡಿದಳು ಹಸು ಸಾಕೋ ದ್ಯಾವಮ್ಮನ ಹತ್ರ.

"ದ್ಯಾವಕ್ಕಾ, ಮರಿ ಬಾವೀಲಿ. ಹೊನ್ನಣ್ಣ ಬಟ್ಟೆ ಹಗ್ಗ ಕೊಡ್ಲಿಲ್ಲ. ನೀನು ಹಸು ಹಗ್ಗ ಕೊಡಕ್ಕಾ."

"ನನ್ನದೊಂದೇ ಸಾಲದು ಕೆಂಪಿ. ಗೌಡ್ರು ಕೊಟ್ರೆ ನಾನೂ ಕೊಡ್ತೀನಿ."

ಓಡಿದಳು ಊರ ಗೌಡರ ಹತ್ರ.

"ಗೌಡ್ರೇ, ಮರಿ ಬಾವೀಲಿ. ಹೊನ್ನಣ್ಣ ಬಟ್ಟೆ ಹಗ್ಗ ಕೊಡ್ಲಿಲ್ಲ. ದ್ಯಾವಕ್ಕ ಹಸು ಹಗ್ಗ ಕೊಡ್ಲಿಲ್ಲ. ನೀವು ಗಾಡಿ ಹಗ್ಗ ಕೊಡಿ ಗೌಡ್ರೇ."

ಗೌಡರು ಮೀಸೆ ತಿರುವಿದರು. "ನನ್ನದೊಂದೇ ಸಾಲದು ಕೆಂಪಿ. ಯಾರಾದ್ರೂ ಮೊದಲು ಕೊಡ್ಲಿ. ಆಮೇಲೆ ನಾನೂ ಕೊಡ್ತೀನಿ."

ನೋಡಿದ್ರಾ ಮಕ್ಕಳೇ, ಎಂಥ ಜಾಣರು! ಎಲ್ಲರೂ ಕೊಡೋರೇ. ಮೊದಲು ಕೊಡೋರು ಮಾತ್ರ ಇಲ್ಲ.

ಕೆಂಪಿಗೆ ಅಳು ಬಂತು. ಸಿಟ್ಟೂ ಬಂತು. ಗೂಡಿನ ಹುಲ್ಲು ಕಿತ್ತಳು. ಹೊಸೆದಳು, ಹೊಸೆದಳು. ಗೇಣುದ್ದ ಹಗ್ಗ ಆಯ್ತು. ತಂದು ಗೌಡರ ಮುಂದೆ ಹಾಕಿದಳು.

"ತಗೊಳ್ಳಿ. ಮೊದಲನೇದು ನಂದು!"

ಗೌಡರಿಗೆ ನಾಚಿಕೆ ಆಯ್ತು. ಗಾಡಿ ಹಗ್ಗ ಬಿಚ್ಚಿ ಕೊಟ್ಟರು. ಗೌಡರು ಕೊಟ್ಟರು ಅಂತ ದ್ಯಾವಮ್ಮ ಹಸು ಹಗ್ಗ ಕೊಟ್ಟಳು. ದ್ಯಾವಮ್ಮ ಕೊಟ್ಟಳು ಅಂತ ಹೊನ್ನಯ್ಯ ಬಟ್ಟೆ ಹಗ್ಗ ಕೊಟ್ಟ. ಎಲ್ಲರೂ ಬಾವಿ ಹತ್ರ ಬಂದರು, ಕೆಂಪಿ ಹುಲ್ಲಿನ ಹಗ್ಗಾನೂ ಕಚ್ಚಿಕೊಂಡು ಬಂದಳು.

"ಈ ಹುಲ್ಲು ಯಾಕೆ, ಬಿಡು" ಅಂದರು ಗೌಡರು. ಗಾಡಿ ಹಗ್ಗ, ಹಸು ಹಗ್ಗ, ಬಟ್ಟೆ ಹಗ್ಗ, ಮೂರನ್ನೂ ಗಂಟು ಹಾಕಿದರು. ಬುಟ್ಟಿ ಇಳಿಸಿದರು, ಇಳಿಸಿದರು. ಅಯ್ಯೋ! ಒಂದು ಗೇಣು ಸಾಲದು!

ಗೌಡರೇ ಬಗ್ಗಿ ಹುಲ್ಲಿನ ಹಗ್ಗ ಎತ್ತಿಕೊಂಡರು. ಕಟ್ಟಿದರು. ಇಳಿಸಿದರು. ಮುಟ್ಟಿತು! ಮರಿ ಬುಟ್ಟಿಯೊಳಗೆ ಹಾರಿತು.

"ಗೌಡ್ರೇ, ಎಳೀರಿ! ದ್ಯಾವಕ್ಕಾ, ಎಳಿ! ಹೊನ್ನಣ್ಣಾ, ಎಳಿ!" ಅಂತ ಕೂಗಿ ಕೆಂಪಿಯೂ ಕೊಕ್ಕಿನಲ್ಲಿ ಹಿಡಿದು ಎಳೆದಳು.

ಮರಿ ಮೇಲೆ ಬಂತು. "ಅಮ್ಮಾ! ಚಿಂವ್ ಚಿಂವ್!"

ಹಗ್ಗ ಈಗ ಯಾರದ್ದು? ಗೌಡರು ಬಿಚ್ಚೋಕೆ ಕೈ ಹಾಕಿದರು. ಯಾಕೋ ಮನಸ್ಸು ಬರಲಿಲ್ಲ. "ಎಲ್ಲಿಡೋಣ?" ಅಂತ ಕೇಳಿದರು. ಹೊನ್ನಯ್ಯನದ್ದೊಂದು ಮಾತು, ದ್ಯಾವಮ್ಮನದ್ದೊಂದು ಮಾತು, ಗೌಡರದ್ದೂ ಎಲ್ಲರ ಹಾಗೆ ಒಂದು ಮಾತು. ಆಮೇಲೆ ಮೂವರೂ ಕೆಂಪಿ ಕಡೆ ತಿರುಗಿದರು. "ನೀನೇನಂತೀಯಮ್ಮಾ?" "ಬಾವಿ ಹತ್ರಾನೇ ಇರ್ಲಿ, ಇದು ಎಲ್ಲರ ಹಗ್ಗ" ಅಂದಳು ಕೆಂಪಿ.

ಮರಿ ರೆಕ್ಕೆಯೊಳಗೆ ಸೇರಿತು. ನೀವೂ ಕಂಬಳಿಯೊಳಗೆ ಸೇರಿ.