ಅಜ್ಜನ ಹಣೆ ಮೇಲಿನ 3

ಹಬ್ಬದ ಬೆಳಿಗ್ಗೆ ಪುಟ್ಟ ನೀಲಾ ಸ್ಲೇಟಿನ ಮೇಲೆ 3 ಬರೆದಳು. ಅದರ ಹೊಟ್ಟೆ ಎಡಕ್ಕೆ ತಿರುಗಿತ್ತು. ಅಜ್ಜ ಮರುಳಸಿದ್ದಪ್ಪ ಮೇಷ್ಟ್ರು ಕೆಂಡವಾದರು.

"ನಮ್ಮ ವಂಶದಲ್ಲೇ ಯಾರೂ ಉಲ್ಟಾ ಬರೆದವರಿಲ್ಲ! ಈ ಮನೇಲಿ ಉಲ್ಟಾ ಬರೆದೋರಿಗೆ ಇವತ್ತು ಹೋಳಿಗೆ ಇಲ್ಲ!"

ಮಗುವಿನ ಮುಖ ಬಾಡಿತು. ಮೇಷ್ಟ್ರು ಕನ್ನಡಿ ಮುಂದೆ ವಿಭೂತಿ ಹಿಡಿದು ನಿಂತಿದ್ದು ಅವರ ಸೊಸೆ, ನೀಲಾಳ ಅಮ್ಮನ ಕಣ್ಣಿಗೆ ಬಿತ್ತು.

"ಮಾವಾ, ನಿಮ್ಮ ಹಣೆ ಮೇಲೇ ಬರೆದು ತೋರಿಸಿ. ನೋಡ್ತಾ ನೋಡ್ತಾ ಕಲೀತಾಳೆ."

ಮೇಷ್ಟ್ರು ಉಬ್ಬಿದರು. ಕನ್ನಡಿ ನೋಡಿಕೊಂಡು ಮುದ್ದಾಗಿ 3 ಬರೆದು, "ಹೀಗೆ!" ಅಂತ ಮೊಮ್ಮಗಳ ಕಡೆ ತಿರುಗಿದರು.

ಕನ್ನಡಿಯಲ್ಲಿ ನೆಟ್ಟಗಿದ್ದ ಅಂಕಿ ಹಣೆ ಮೇಲೆ ಉಲ್ಟಾ ಕೂತಿತ್ತು.

ನೀಲಾ ಸ್ಲೇಟು ಎತ್ತಿ ಹಿಡಿದು ಕುಣಿದಳು. "ಅಜ್ಜಾ, ನಂದೂ ಹಿಂಗೇ!"

"ಹಾಗಾದ್ರೆ ಇಬ್ಬರಿಗೂ ಹೋಳಿಗೆ ಇಲ್ವಾ, ಮಾವಾ?" ಅಂದಳು ಸೊಸೆ.

ಮೇಷ್ಟ್ರು ಸರಸರ ಹಣೆ ಒರೆಸಿಕೊಂಡರು.

"ಮಗೂಗೆ ಮೂರು ಬಡಿಸಮ್ಮ. ನನಗೂ ಮೂರು."