ಕಲ್ಲಿಗೆ ಕಟ್ಟಿದ ಜರೀಗಿಡ

ಹೊಳೆದಂಡೆಯ ಆಶ್ರಮದಲ್ಲಿ ನಂಜಕ್ಕನವರಿಗೆ ಒಬ್ಬಳೇ ಶಿಷ್ಯೆ, ಸಾಕಮ್ಮ. ಗದ್ದೆ ನಾಟಿಯಲ್ಲಿ ಪಳಗಿದ ಕೈ ಅವಳದು. ಅವಳು ಕೆಸರಿಗೆ ಒತ್ತಿದ ಪೈರು ನೆರೆ ಬಂದರೂ ಕದಲುತ್ತಿರಲಿಲ್ಲ.

ಭಕ್ತರೊಬ್ಬರು ಗಾಜಿನ ಮೀನುತೊಟ್ಟಿಯೊಂದನ್ನು ಕೊಟ್ಟು ಹೋದರು. ಅದರಲ್ಲಿ ನಾಲ್ಕು ಮೀನು, ನೀರೊಳಗೇ ಬೆಳೆಯುವ ಒಂದು ಜರೀಗಿಡ. ನಂಜಕ್ಕ ಅದನ್ನು ನಡುಮನೆಯ ಮಬ್ಬು ಮೂಲೆಯಲ್ಲಿ ಇಡಿಸಿದರು.

ಗಿಡ ನೆಲೆಯಿಲ್ಲದೆ ತೇಲುವುದನ್ನು ಕಂಡು ಸಾಕಮ್ಮನಿಗೆ ಪಾಪ ಅನ್ನಿಸಿತು. ಎಲೆ, ಬೇರು ಎರಡೂ ಹುಟ್ಟುವ ದಪ್ಪ ಗೆಣ್ಣು ಮುಚ್ಚುವಂತೆ ತಳದ ಮರಳಿಗೆ ಒತ್ತಿ ನೆಟ್ಟಳು.

ಹದಿನೈದು ದಿನಕ್ಕೆ ಗಿಡ ಕೊಳೆಯಿತು.

“ಬೆಳಕು ಸಾಲದೆ ಹೀಗಾಯ್ತು ಅವ್ವಾ. ತೊಟ್ಟೀನ ಬಿಸಿಲಿಗೆ ಎಳೆದಿಡ್ಲಾ?”

“ನಿನ್ನನ್ನ ಎಳೆದು ಕೂರಿಸ್ತೀನಿ ಬಿಸಿಲಿಗೆ. ಅದಕ್ಕೆ ಮಬ್ಬೇ ಸಾಕು ಕಣೇ. ಗೆಣ್ಣು ಹೂತಿದ್ದಕ್ಕೆ ಕೊಳೀತು. ಪ್ರೀತಿ ಮಾಡು ಅಂದ್ರೆ ಗೋರಿ ಕಟ್ಟಿದೀಯ.”

ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಹೆಬ್ಬೆರಳುದ್ದದ ಹಸಿರು ತುಂಡು ಉಳಿಯಿತು. ನಂಜಕ್ಕ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಿಂದ ದಾರ ಹೊಸೆದರು. ಆ ತುಂಡನ್ನು ಹೊಳೆಯ ಕಲ್ಲೊಂದಕ್ಕೆ ಕಟ್ಟಿ ನೀರಿಗಿಳಿಸಿದರು.

“ಕಲ್ಲು ಏನು ಊಟ ಹಾಕುತ್ತೆ ಅವ್ವಾ?”

“ಊಟ ನೀರಲ್ಲಿದೆ. ಕಲ್ಲು ಇರೋದು ಹಿಡ್ಕೊಳ್ಳೋಕೆ. ಅದು ಹಿಡ್ಕೊಳ್ಳೋವರೆಗೆ ದಾರ. ನೀನು ಕೈ ಹಾಕ್ಬೇಡ.”

ಸಾಕಮ್ಮ ಕೈ ಹಾಕಲಿಲ್ಲ. ದಿನವೂ ತೊಟ್ಟಿಯ ಮುಂದೆ ಕೂತಳು. ತಿಂಗಳಿಗೊಂದು ಎಲೆ ಬಂತು.

ಒಂದು ದಿನ ಹೊಳೆಯಾಚೆಯ ಊರಿನ ಹೆಂಗಸರು ಬಂದರು. ನಮಗೆ ಓದುಬರಹ ಕಲಿಸಲು ಸಾಕಮ್ಮನನ್ನು ಕಳಿಸಿ, ನಮ್ಮೂರಲ್ಲೇ ಇರಲಿ ಎಂದು ಕೇಳಿದರು.

“ಹೋಗು,” ಎಂದರು ನಂಜಕ್ಕ.

“ನಾನು ಹೋದ್ರೆ ನಿಮಗೆ ಗಂಜಿ ಕಾಯಿಸೋರು ಯಾರು?”

“ನೀನು ಬರೋಕೆ ಮುಂಚೆ ನಾನೇನು ಉಪವಾಸ ಇದ್ನಾ? ನಿನ್ನ ಗಂಜೀಲಿ ಇವತ್ತಿಗೂ ಉಪ್ಪಿರಲ್ಲ.”

“ನೀವು ಪಕ್ಕದಲ್ಲಿಲ್ದೆ ಇದ್ರೆ ತಪ್ಪು ಮಾಡ್ತೀನಿ ಅವ್ವಾ.”

“ಪಕ್ಕದಲ್ಲಿದ್ದಾಗ್ಲೂ ಮಾಡಿದೀಯ.”

“ಗಿಡ ಕಲ್ಲು ಹಿಡೀಲಿ. ದಾರ ಬಿಚ್ಚಿದ ದಿನ ನಾನೇ ದೋಣಿ ಹತ್ತುತೀನಿ.”

ಹೆಂಗಸರು ಸಪ್ಪೆ ಮುಖದಲ್ಲಿ ಹಿಂದಿರುಗಿದರು.

ಮತ್ತೆ ಮೂರು ತಿಂಗಳು ಕಳೆಯಿತು. ದಾರ ಬಿಚ್ಚುವ ಮಾತನ್ನು ಸಾಕಮ್ಮ ಎತ್ತಲೇ ಇಲ್ಲ.

ಒಂದು ಬೆಳಿಗ್ಗೆ ನಂಜಕ್ಕ ಅವಳ ಕೈಗೆ ಕತ್ತರಿ ಕೊಟ್ಟರು. “ದಾರ ಕತ್ತರಿಸು.”

“ಇನ್ನೂ ಹಿಡಿದಿಲ್ವೇನೋ ಅವ್ವಾ...”

“ಎತ್ತಿ ನೋಡು.”

ಸಾಕಮ್ಮ ಗಿಡದ ಗೆಣ್ಣು ಹಿಡಿದು ಎತ್ತಿದಳು. ಕಲ್ಲೂ ಜೊತೆಗೇ ಮೇಲೆ ಬಂತು. ಕಪ್ಪು ಕೂದಲಿನಂಥ ಬೇರುಗಳು ಅದನ್ನು ಸುತ್ತ ತಬ್ಬಿದ್ದವು. ಕತ್ತರಿ ಇಡಲು ಅವಳು ದಾರ ಹುಡುಕಿದಳು. ಕಲ್ಲನ್ನು ತಿರುಗಿಸಿದಳು, ಬೇರುಗಳನ್ನು ಉಗುರಿನಿಂದ ಸರಿಸಿ ನೋಡಿದಳು.

“ಅವ್ವಾ, ದಾರ ಎಲ್ಲಿ?”

ನಂಜಕ್ಕ ಕಲ್ಲನ್ನೂ ಗಿಡವನ್ನೂ ನೀರು ತುಂಬಿದ ಚೊಂಬಿನಲ್ಲಿಟ್ಟು ಅವಳ ಮಡಿಲಿಗಿರಿಸಿದರು. ಅವಳ ಒದ್ದೆ ಕೈಯನ್ನು ತಮ್ಮ ಸೆರಗಿನಿಂದ ಒರೆಸಿದರು.

“ಬತ್ತಿಯ ಹತ್ತಿ ಕಣೇ ಅದು. ನೀನು ಕಾವಲು ಕೂತಿದ್ದಾಗ್ಲೇ ಕರಗಿ ಹೋಯ್ತು. ಏಳು, ದೋಣಿ ಬಂದಿದೆ.”