ಇಕ್ಕಳದ ಹಿಡಿತಕ್ಕೊಂದು ತಾಂಬೂಲ

"ನಂದು ಕೈಯಲ್ಲ, ಕಮ್ಮಾರನ ಇಕ್ಕಳ! ಬಿಡಿಸಿಕೊಳ್ಳೋ ಗಂಡು ಈ ಊರಲ್ಲಿದ್ದಾನಾ?"

ಕಣಗಲಗೆರೆಯ ಆಸ್ಥಾನದಲ್ಲಿ ಹೀಗೆ ತೊಡೆ ತಟ್ಟಿದವನು ಪರವೂರಿನ ಜಟ್ಟಿ ಭರಮ. ದೊರೆ ಚೆಲುವನಾಯಕರೋ, ಹುಮ್ಮಸ್ಸಿನಲ್ಲಿ ಮಾತು ಕೊಟ್ಟೇಬಿಟ್ಟರು: ದೀಪ ಹಚ್ಚುವುದರೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ಊರಿನ ಗರಡಿಮನೆ ಅವನದೇ!

ಪಾಪ, ಆ ಗರಡಿಯನ್ನು ಕಟ್ಟಿ ಬೆಳೆಸಿದ ಮುದುಕ ವಸ್ತಾದ್ ಮುದ್ದಣ್ಣ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಎಳೆದರು, ತಿರುಚಿದರು, ಬೆವೆತರು. ಊಹೂಂ! ಉಡವಾದರೂ ಬಿಟ್ಟೀತು, ಭರಮ ಬಿಡಲಿಲ್ಲ. "ಸೋತೆ" ಅಂದಮೇಲೇ ಕೈ ಸಡಿಲಿಸಿದ.

ಆಗ ಎದ್ದ ನೋಡಿ, ಆಸ್ಥಾನದ ವಿದೂಷಕ ಕೊಟ್ರಪ್ಪ! ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವಂಥ ಆಸಾಮಿ.

"ಏಯ್ ನರಪೇತಲ, ನೀನಾ?" ಭರಮ ಗಹಗಹಿಸಿದ. "ಹೊಡೆಯೋ ಹಾಗಿಲ್ಲ, ಕಚ್ಚೋ ಹಾಗಿಲ್ಲ. ಕಚಗುಳಿ ಇಡೋ ಹಾಗಂತೂ ಇಲ್ಲವೇ ಇಲ್ಲ!"

"ನಿಮ್ಮ ಮೈ ಮುಟ್ಟಲ್ಲ ಕಣಣ್ಣ."

ಕೊಟ್ರಪ್ಪ ಮಣಿಕಟ್ಟು ಚಾಚಿದ. ಭರಮ ಎರಡೂ ಕೈಯಿಂದ ಗಬಕ್ಕನೆ ಹಿಡಿದ.

"ಅಯ್ಯಯ್ಯಪ್ಪಾ! ಸತ್ತುಹೋದ ನಮ್ಮಜ್ಜಿ ಕಾಣಿಸ್ತಿದ್ದಾಳೆ!" ಕೊಟ್ರಪ್ಪ ಅಲ್ಲೇ ಕುಣಿದಾಡಿಬಿಟ್ಟ. ಆಮೇಲೆ ದೊರೆಯ ಕಡೆ ತಿರುಗಿದ. "ಬುದ್ಧಿ, ಎಂಥಾ ಹಿಡಿತ! ಇಂಥ ಶೂರ ಬೆಳಗಿನಿಂದ ನಿಂತಿದ್ದಾನೆ. ಒಂದು ತಾಂಬೂಲವನ್ನಾದರೂ ಕೊಟ್ಟಿರಾ? ಕೇಳಿದವರು ಏನಂದಾರು?"

ಹೌದಲ್ಲ! ದೊರೆಗೆ ನಾಚಿಕೆಯಾಯಿತು. ಬೆಳ್ಳಿತಟ್ಟೆ ಬಂತು. ಎಲೆ, ಅಡಿಕೆ, ತೆಂಗಿನಕಾಯಿ, ಮೇಲೊಂದು ಜರಿಶಾಲು. ದೊರೆ ತಾವೇ ಸಿಂಹಾಸನದಿಂದ ಇಳಿದು ಬಂದು ತಟ್ಟೆ ನೀಡಿದರು.

ಭರಮನ ಎದೆ ಉಬ್ಬಿತು. ದೊರೆಯ ಕೈಯಿಂದ ತಾಂಬೂಲ! ಅದಕ್ಕೆ ಒಂಟಿ ಕೈ ಚಾಚುವುದುಂಟೆ? ತಲೆ ಬಾಗಿಸಿ, ಎರಡೂ ಕೈ ನೀಡಿ, ಭಕ್ತಿಯಿಂದ ತೆಗೆದುಕೊಂಡ.

ಕೊಟ್ರಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಹೋಗಿ ಮುದ್ದಣ್ಣನ ಪಕ್ಕ ಕೂತ.

ಸಭೆ ಹೋ ಎಂದಿತು. "ಮೋಸ! ಮೋಸ!" ಭರಮ ತಟ್ಟೆ ಹಿಡಿದುಕೊಂಡೇ ಕೂಗಾಡಿದ.

"ಹೊಡೆದೆನಾ? ಕಚ್ಚಿದೆನಾ? ಕಚಗುಳಿ ಇಟ್ಟೆನಾ?"

ದೊರೆ ಪೇಟ ಜಾರುವಷ್ಟು ನಕ್ಕರು. "ಅಲ್ಲವೋ ಕೊಟ್ರ, ಅಷ್ಟು ಜನ ಪೈಲ್ವಾನರು ಎಳೆದರೂ ಬಿಡದ ಕೈ ಕಣೋ ಅದು!"

"ಇಕ್ಕಳದ ಬಾಯಿಂದ ಎಳೆದರೆ ಬಂದೀತೇ ಬುದ್ಧಿ? ಅದರ ಹಿಡಿಕೆ ಅಗಲಿಸಬೇಕು. ಅದನ್ನ ತಾವೇ ಅಗಲಿಸಿದಿರಿ."

ಗರಡಿ ಮುದ್ದಣ್ಣನಿಗೇ ಉಳಿಯಿತು. ದೊರೆ ಖುಷಿಯಿಂದ ಇನ್ನೊಂದು ತಟ್ಟೆ ತರಿಸಿ ಕೊಟ್ರಪ್ಪನ ಮುಂದೆ ಹಿಡಿದರು. ಅವನು ಒಂದೇ ಕೈ ಚಾಚಿದ.

"ಏನೋ ಇದು, ದೊರೆಗೆ ಒಂಟಿ ಕೈಯಾ?"

"ತಪ್ಪಾಯ್ತು ಬುದ್ಧಿ. ಇನ್ನೊಂದು ಕೈಯನ್ನ ವಸ್ತಾದರು ಹಿಡಕೊಂಡು ಅಳ್ತಾ ಕೂತಿದ್ದಾರೆ. ಈ ಇಕ್ಕಳ ಮಾತ್ರ ನನ್ನಿಂದ ಬಿಡಿಸೋಕಾಗಲ್ಲ!"